ರೂಪ ಮಾರ್ಪಟ್ಟಿತೋ, ಗುಣ ಮಾರ್ಪಟ್ಟಿತೋ?

ಓದತಕ್ಕ ಭಾಗಗಳು: ಮತ್ತಾಯ 13:33, 2 ಕೊರಿಂಥ 5:17, ಗಲಾತ್ಯ 3:28.



ಹಡಗಲಿ ಸೀಮೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಕಾಲಕ್ಕೆ ಜಾತ್ರೆ ನೆರೆಯುವದು. ಅಲ್ಲಿ ಭಂಡಾರವೆಂದು ಕರೆಯುವ ಅರಿಸಿನದ ಪುಡಿಯಿಂದ ಜನರ ಹಣೆಯೂ ಬಟ್ಟೆಯೂ ಹಳದಿಯಾಗುವವು. ಆ ಹಳದಿಗೆ ಎಲೆ ಅಡಿಕೆಯ ಸುಣ್ಣವು ತುಸು ತಗಲಿದರೆ ಕೂಡಲೆ ಕೆಂಪಾಗುವದನ್ನು ನೀವು ಬಲ್ಲಿರಿ. ಈ ಸಣ್ಣ ಸಂಗತಿಯು ನಮ್ಮನ್ನು ಒಂದು ದೊಡ್ಡ ಪ್ರಶ್ನೆಗೆ ನಡಿಸುವದು.

ದೇವರು ಉಂಟುಮಾಡಿದ ಪದಾರ್ಥಗಳಲ್ಲಿ ಎರಡು ವಿಧವಾದ ಮಾರ್ಪಾಟುಗಳುಂಟು. ಬೆಲ್ಲದ ಅಚ್ಚನ್ನು ಕುಟ್ಟಿದರೆ ಪುಡಿಯಾಗುವದು. ನೀರಿಗೆ ಹಾಕಿದರೆ ಕರಗಿ ಕಣ್ಣಿಗೆ ಮರೆಯಾಗುವದು. ಆದರೂ ನಾಲಿಗೆಗೆ ಅದು ಬೆಲ್ಲವೇ. ನೀರನ್ನು ಬತ್ತಿಸಿದರೆ ತಿರಿಗಿ ದೊರೆಯುವದು. ತುಂಗಭದ್ರೆಯ ನೀರು ಬಿಸಿಲಿಗೆ ಆವಿಯಾಗಿ ಏರಿ ಮಳೆಯಾಗಿ ಇಳಿದರೂ ನೀರೇ. ಇದನ್ನು ಭೌತಿಕ ಮಾರ್ಪಾಟು ಎನ್ನುವರು. ಇಲ್ಲಿ ರೂಪವು ಬೇರೆಯಾಯಿತು, ಪದಾರ್ಥವು ಬೇರೆಯಾಗಲಿಲ್ಲ.

ಸುಣ್ಣದ ಭಟ್ಟಿಯಲ್ಲಿ ನಡೆಯುವದು ಹಾಗಲ್ಲ. ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಉಷ್ಣಕ್ಕೆ ಸುಣ್ಣದಕಲ್ಲು ಒಡೆದು, 100 ಸೇರು ಶುದ್ಧವಾದ ಕಲ್ಲಿನಿಂದ 56 ಸೇರು ಸುಟ್ಟ ಸುಣ್ಣವು ಉಳಿದು, 44 ಸೇರು ಇಂಗಾಲಾಮ್ಲ ವಾಯುವಾಗಿ ಹೊರಟುಹೋಗುವದು. ಕಲ್ಲಿನ ಮೇಲೆ ನೀರು ಹೊಯ್ದರೆ ಬರೇ ನೆನೆಯುವದು. ಸುಟ್ಟ ಸುಣ್ಣದ ಮೇಲೆ ಹೊಯ್ದರೆ ಕುದಿದು ಅರಳುವದು. ಗುಣವೇ ಬೇರೆಯಾಯಿತು. ಹಾಲಿಗೆ ಹೆಪ್ಪು ಹಾಕಿದಾಗಲೂ ಕಣ್ಣಿಗೆ ಕಾಣದ ಜೀವಾಣುಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುವವು. ಯಾವ ಗೃಹಿಣಿಯು ಮೊಸರನ್ನು ಮರಳಿ ಹಾಲು ಮಾಡಿದ್ದಾಳೆ? ಇದು ರಾಸಾಯನಿಕ ಮಾರ್ಪಾಟು.

ಈಗ ನಮ್ಮನ್ನೇ ಕೇಳಿಕೊಳ್ಳೋಣ: ಸ್ನಾನದೀಕ್ಷೆಯ ದಿನದಿಂದ ನಮ್ಮಲ್ಲಿ ಆದದ್ದು ಯಾವ ಮಾರ್ಪಾಟು? ಹೆಸರು ಬೇರೆಯಾಯಿತು, ಭಾನುವಾರ ಹೋಗುವ ಸ್ಥಳವು ಬೇರೆಯಾಯಿತು. ಆದರೆ ದೇವಾಲಯದಲ್ಲಿ ಒಂದೇ ಚಾಪೆಯ ಮೇಲೆ ಕೂಡ್ರಲು ನಾವು ಹಿಂಜರಿಯುತ್ತೇವೋ? ಒಂದು ಕೇರಿಯಿಂದ ಬಂದ ಸಹೋದರನ ಮನೆಯ ನೀರನ್ನು ಇನ್ನೊಂದು ಕೇರಿಯಿಂದ ಬಂದವರು ಕುಡಿಯದೆ ಹೋಗುತ್ತೇವೋ? ಮಗಳಿಗೆ ವರನನ್ನು ಹುಡುಕುವಾಗ ಮೊದಲು ಅವನ ವಿಶ್ವಾಸವನ್ನು ಕೇಳುತ್ತೇವೋ, ಅವನ ಹಳೇ ಜಾತಿಯನ್ನು ಕೇಳುತ್ತೇವೋ? ಹಳೇದನ್ನೇ ಕೇಳುವದಾದರೆ, ಪ್ರಿಯರೇ, ನಾವು ಕುಟ್ಟಿದ ಬೆಲ್ಲವೇ ಹೊರತು ಹೊಸ ಸೃಷ್ಟಿಯಲ್ಲ.

ಬಣ್ಣವನ್ನು ನೋಡಿ ನಿಶ್ಚಿಂತರಾಗಬೇಡಿರಿ. ಸುಣ್ಣದಿಂದ ಅರಿಸಿನವು ಕೆಂಪಾಗುವದು ಸಹ ರಾಸಾಯನಿಕ ಮಾರ್ಪಾಟೇ. ಆದರೂ ಅದರ ಮೇಲೆ ನಿಂಬೆಯ ಹುಳಿ ಹಿಂಡಿರಿ, ಮತ್ತೆ ಹಳದಿಯಾಗುವದು. ಹಾಗೆಯೇ ಕೂಟದಲ್ಲಿ ಕಣ್ಣೀರಿಟ್ಟವನು ಹೊಲದ ಬದುವಿನ ಜಗಳದಲ್ಲಿ ಹಳೇ ಬೈಗಳಿಗೆ ತಿರುಗುವದುಂಟು. ಸಾಲ, ಮದುವೆ, ಪಾಲು, ಜಗಳ, ಇವೇ ನಮ್ಮ ಮೇಲೆ ಬೀಳುವ ಹುಳಿ. ಅದು ಬಿದ್ದ ಮೇಲೂ ಉಳಿಯುವ ಬಣ್ಣ ಯಾವದೆಂದು ನೋಡಿಕೊಳ್ಳಿರಿ.

ಹಾಗಾದರೆ ನಾವು ಮಾಡತಕ್ಕದ್ದೇನು? ಸುಣ್ಣದಕಲ್ಲು ತನ್ನನ್ನು ತಾನೇ ಸುಟ್ಟುಕೊಳ್ಳದು. ಬೆಂಕಿಯು ಹೊರಗಿನಿಂದ ಬರಬೇಕು. ಹಿಟ್ಟು ತನ್ನೊಳಗೆ ಹುಳಿಹಿಟ್ಟನ್ನು ತಾನೇ ಇಟ್ಟುಕೊಳ್ಳಲಿಲ್ಲ. ಕರ್ತನ ಸಾಮ್ಯದಲ್ಲಿ ಒಬ್ಬ ಹೆಂಗಸು ಅದನ್ನು ಒಳಗೆ ಇಟ್ಟಳು, ಹಿಟ್ಟೆಲ್ಲಾ ಹುಳಿಯಾಯಿತು. ಒಂದು ಮೂಲೆಯಷ್ಟೇ ಅಲ್ಲ, ಎಲ್ಲಾ. ಆದಕಾರಣ ನಮ್ಮ ಪ್ರಯಾಸದಿಂದಲೇ ಹೊಸಬರಾಗುತ್ತೇವೆಂದು ಎಣಿಸದೆ, ಪರಿಶುದ್ಧಾತ್ಮನಿಗೆ ಮನೆಯ ಒಳಕೋಣೆಯನ್ನೂ ನೀರಿನ ಗಡಿಗೆಯನ್ನೂ ಮದುವೆಯ ಮಾತನ್ನೂ ಒಪ್ಪಿಸೋಣ. ಬರುವ ಕರ್ತನ ಭೋಜನಕ್ಕೆ ಮುಂಚೆ ನಾವು ದೂರವಿಟ್ಟ ಒಂದು ಮನೆಗೆ ಹೋಗಿ, ಅಲ್ಲಿ ಕೂತು, ಅವರು ಕೊಟ್ಟ ನೀರನ್ನು ಕುಡಿದು ಬರೋಣ.

ಕರ್ತನೇ, ನಮ್ಮ ಹೆಸರನ್ನು ಮಾತ್ರವಲ್ಲ, ನಮ್ಮನ್ನೇ ಮಾರ್ಪಡಿಸು. ಆಮೆನ್.