ಕಾವಲಿಲ್ಲದ ಅಡಿಗೆ

ಪಟ್ಟ ಕಷ್ಟದಿಂದ ಪ್ರೀತಿಯನ್ನು ಅಳೆಯುವುದು ನಮ್ಮಲ್ಲಿ ಬಹು ದಿನದ ವಾಡಿಕೆ. ತಾಯಿ ಹೊಗೆಯಲ್ಲಿ ಕಣ್ಣೊರಸಿಕೊಂಡು ಬೇಯಿಸಿದ್ದು ಅಮೃತ; ಯಂತ್ರ ಬೇಯಿಸಿದ್ದು ಬರಿಯ ಊಟ. ಈ ಅಳತೆಗೋಲು ಸರಿಯೆ ಎಂದು ನಾನು ಎಂದೂ ಕೇಳಿಕೊಂಡವನಲ್ಲ, ಕಳೆದ ವರ್ಷ ಷಿಕಾಗೋದಲ್ಲಿ ತಂಗಿಯ ಮನೆಯಲ್ಲಿ ಒಂದು ತಿಂಗಳು ಉಂಡು ಬರುವವರೆಗೆ.

ಅವಳ ಅಡಿಗೆಮನೆಯಲ್ಲಿ ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯೊಂದಿದೆ. ಒಳಗೆ ದಪ್ಪ ಪಿಂಗಾಣಿಯ ಮಡಕೆ, ಅದರ ಸುತ್ತ ಕಾವು, ಮೇಲೆ ಗಾಜಿನ ಮುಚ್ಚಳ. ನಮ್ಮ ಪ್ರೆಷರ್ ಕುಕ್ಕರಿನ ಆತುರವಾಗಲಿ ಕೂಗಾಗಲಿ ಅದಕ್ಕಿಲ್ಲ. ಬೆಳಿಗ್ಗೆ 7 ಗಂಟೆಗೆ ತೊಗರಿಬೇಳೆ, ಕ್ಯಾರೆಟ್ಟು, ಅರಿಸಿನ, ನೀರು ಹಾಕಿ, ಸಣ್ಣ ಕಾವಿಗೆ ತಿರುಗಿಸಿ ಅವಳು ಕೆಲಸಕ್ಕೆ ಹೊರಟರೆ, ಸಂಜೆ ಬರುವ ಹೊತ್ತಿಗೆ ಬೇಳೆ ಕರಗಿರುತ್ತದೆ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಬೇಯದು. ಆದ್ದರಿಂದ ಹುಣಿಸೆರಸ, ಪುಡಿ, ಒಗ್ಗರಣೆ ಕೊನೆಗೆ.

ಒಂದು ರಾತ್ರಿ ಉಣ್ಣುತ್ತಾ, "ಚೆನ್ನಾಗಿದೆ, ಆದರೆ ಅಮ್ಮನ ಹುಳಿಯ ಹಾಗಲ್ಲ. ಇದರ ಮುಂದೆ ಯಾರೂ ನಿಂತಿರಲಿಲ್ಲವಲ್ಲ!" ಎಂದೆ.

ತಂಗಿ ಸೌಟು ಹಿಡಿದೇ ಕೇಳಿದಳು: "ಅಮ್ಮ ಒಲೆ ಮುಂದೆ ನಿಂತಿದ್ದಾಗ ನೀನೆಲ್ಲಿ ಕೂತಿರ್ತಿದ್ದೆ, ಅಣ್ಣ?"

ನಡುಮನೆಯಲ್ಲಿ, ಪುಸ್ತಕ ಹಿಡಿದು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಆ ಪಾತ್ರೆಯ ಹುಟ್ಟನ್ನು ಆಮೇಲೆ ಓದಿದೆ. ಅದೇ ಊರಿನ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಅದಕ್ಕೆ ಪೇಟೆಂಟು ಪಡೆದರು. 1971ರಿಂದ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಹೋಯಿತು. ತಾಯಿ ಹೇಳುತ್ತಿದ್ದ, ಲಿಥುವೇನಿಯಾದ ಚೋಲೆಂಟಿನ ಕಥೆಯೇ ಅವರಿಗೆ ಪ್ರೇರಣೆಯಂತೆ. ಯೆಹೂದ್ಯರಿಗೆ ಶನಿವಾರ ವಿಶ್ರಾಂತಿಯ ದಿನ, ಬೆಂಕಿ ಹೊತ್ತಿಸುವಂತಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುನ್ನವೇ ಮಾಂಸ, ಕಾಳು, ಗೆಡ್ಡೆ ತುಂಬಿದ ಮಡಕೆಯನ್ನು ಬೇಕರಿಯ ಒಲೆಯಲ್ಲಿಟ್ಟು, ಮರುದಿನ ಬಿಸಿಯಾಗಿ ಉಣ್ಣುತ್ತಿದ್ದರು. ಅವರ ಶಾಸ್ತ್ರದಲ್ಲಿ ಆ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ದನಕ್ಕೂ ಸಲ್ಲುತ್ತದೆ. ಒಲೆ ಹೊತ್ತಿಸುವಂತಿಲ್ಲದ ಮೇಲೆ ಅಡಿಗೆಯವಳಿಗೂ ಸಲ್ಲಲೇಬೇಕಲ್ಲವೆ? ನಮ್ಮ ಭಾನುವಾರವೋ! ಎಲ್ಲರಿಗೂ ರಜ, ಅಡಿಗೆಮನೆಗೆ ಮಾತ್ರ ಎರಡು ಪಲ್ಯ ಹೆಚ್ಚು.

ಹಾಗೆಂದು ಯಂತ್ರ ಬಂದರೆ ನ್ಯಾಯ ಬಂದೀತೆ? ಬಾರದು. ಗ್ಯಾಸ್ ಬಂತು, ಮಿಕ್ಸಿ ಬಂತು. ಉಳಿದ ಗಂಟೆಗಳನ್ನು ಬೇರೆ ಕೆಲಸಗಳು ನುಂಗಿದವು. ಹೊತ್ತು ಉಳಿಸುವುದು ಪಾತ್ರೆಯ ಕೆಲಸ; ಉಳಿದ ಹೊತ್ತು ಯಾರದೆಂದು ತೀರ್ಮಾನಿಸುವುದು ಮನೆಯವರ ಧರ್ಮ.

ಅಕ್ಕರೆಯೂ ಇಲ್ಲಿ ಕಾಣೆಯಾಗಿಲ್ಲ. ಸಂಜೆಯಿಂದ ಬೆಳಿಗ್ಗೆಗೆ ಸರಿದಿದೆ, ಅಷ್ಟೆ. ರಾಜ್ಮಾ ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸದೆ ತಂಗಿ ಅದರೊಳಗೆ ಹಾಕುವುದಿಲ್ಲ. ಸಣ್ಣ ಕಾವು ಆ ಕಾಳಿನ ನಂಜನ್ನು ಕಳೆಯಲಾರದು. ಉಣ್ಣುವವರ ಹಿತವನ್ನು ನೆನೆಯುವುದು ಅಕ್ಕರೆ. ಒಲೆಯ ಮುಂದೆ ನಿಲ್ಲುವುದು ದಣಿವು. ಅಮ್ಮನಲ್ಲಿ ಎರಡೂ ಇದ್ದವು. ಆ ದಣಿವಿಗೂ ಪ್ರೀತಿಯೆಂದೇ ಹೆಸರಿಟ್ಟು, ಋಣ ತೀರಿತೆಂದು ನಾವು ನಡುಮನೆಯಲ್ಲಿ ಕೂತೆವು.

ಊರಿಗೆ ಬಂದ ಮೇಲೆ ಭಾನುವಾರದ ಹುಳಿ ನನ್ನ ಪಾಲಿಗೆ ಬಂದಿದೆ. ಹೆಂಡತಿ ಆಗ ಏನು ಮಾಡುತ್ತಾಳೆಂದು ನಾನು ಕೇಳುವುದಿಲ್ಲ. ಅದು ಅವಳ ಹೊತ್ತು. ಹುಳಿಗೆ ಅಮ್ಮನ ಕೈರುಚಿ ಬಂದಿಲ್ಲ. ಅವಳಿದ್ದಾಗ ಒಂದು ಸಲವಾದರೂ ಅವಳನ್ನು ಮೊದಲು ಕೂರಿಸಿ ಬಡಿಸಬಹುದಿತ್ತೆಂಬುದು ಮಾತ್ರ, ತಟ್ಟೆ ಹಾಕುವಾಗಲೆಲ್ಲ ನೆನಪಾಗುತ್ತದೆ.