ಬಲವೂ ಒಂದು ಅಮಾನತ್

ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಒಂದು ಪ್ರಸಿದ್ಧ ಹದೀಸ್, ಬಲಿಷ್ಠ ವಿಶ್ವಾಸಿಗೆ ದುರ್ಬಲ ವಿಶ್ವಾಸಿಗಿಂತ ಮೇಲಿನ ಸ್ಥಾನವನ್ನು ನೀಡುತ್ತದೆ. ಇಬ್ಬರಲ್ಲಿಯೂ ಒಳಿತಿದೆಯೆಂದು ಜೊತೆಗೇ ಸಮಾಧಾನವನ್ನೂ ಹೇಳುತ್ತದೆ. ವ್ಯಾಯಾಮಶಾಲೆಗೆ ಹೋಗುವ ನಮ್ಮ ಯುವಕರಿಗೆ ಈ ಹದೀಸ್‌ನ ಮೊದಲ ಭಾಗ ಚೆನ್ನಾಗಿ ಬಾಯಿಪಾಠವಾಗಿದೆ. ಆದರೆ ಇಮಾಮ್ ನವವಿ(ರಹ್)ಯವರು ಇಲ್ಲಿನ ಬಲವನ್ನು ತೋಳಿನ ಬಲವೆಂದು ವ್ಯಾಖ್ಯಾನಿಸಲಿಲ್ಲ. ಪರಲೋಕದ ಕಾರ್ಯಗಳಲ್ಲಿ ಮನಸ್ಸಿಗಿರುವ ದೃಢಸಂಕಲ್ಪವೇ ಆ ಬಲ ಎಂದರು.

ಹಾಗಾದರೆ ದೇಹಕ್ಕೆ ಇದರಲ್ಲಿ ಪಾಲಿಲ್ಲವೇ? ಖಂಡಿತ ಇದೆ. ಆ ಸಂಕಲ್ಪ ಯಾವ ಕೆಲಸಗಳಲ್ಲಿ ಪ್ರಕಟವಾಗುತ್ತದೆಂದು ಹೇಳುವಾಗ ಇಮಾಮರು ನಮಾಝ್, ಉಪವಾಸ, ಕಷ್ಟಸಹಿಷ್ಣುತೆ ಮುಂತಾದವುಗಳನ್ನು ಹೆಸರಿಸಿದ್ದಾರೆ. ಸಂಕಲ್ಪ ಮಾಡುವುದು ಮನಸ್ಸಾದರೂ ಅದನ್ನು ಹೊತ್ತು ನಡೆಯಬೇಕಾದುದು ಇದೇ ಮೊಣಕಾಲು, ಇದೇ ಬೆನ್ನು. ಹಿಜರಿ 7ರಲ್ಲಿ (ಕ್ರಿ.ಶ. 629) ಉಮ್ರಾಕ್ಕೆಂದು ಮಕ್ಕಾಕ್ಕೆ ಬಂದ ಮುಸ್ಲಿಮರನ್ನು ಮದೀನದ ಜ್ವರ ಸೊರಗಿಸಿಬಿಟ್ಟಿದೆಯೆಂದು ಕುರೈಶರು ಆಡಿಕೊಂಡಾಗ, ತವಾಫ್‌ನ ಮೊದಲ ಮೂರು ಸುತ್ತುಗಳನ್ನು ಬಿರುಸಾಗಿ ಹೆಜ್ಜೆ ಹಾಕಿ ನಡೆಯುವಂತೆ ಪ್ರವಾದಿ(ಸ)ರು ಆದೇಶಿಸಿದರು. ಅದು ಇಂದಿಗೂ ಸುನ್ನತ್ ಆಗಿ ಉಳಿದಿದೆ. ನಮ್ಮಲ್ಲಿ ಅನೇಕರಿಗೆ ಹಜ್ಜ್‌ನ ಭಾಗ್ಯ ಒದಗುವುದು ಮಕ್ಕಳ ಮದುವೆ ಮುಗಿದ ಮೇಲೆ. ಸಫಾ ಮರ್ವಾಗಳ ನಡುವಿನ ಏಳು ನಡಿಗೆಯೇ ಮೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಹಣ ಕೂಡಿಡುವವರು ಬಹಳ ಮಂದಿ ಇದ್ದಾರೆ, ಕಾಲಿನ ಬಲವನ್ನು ಕೂಡಿಡುವವರು ಎಷ್ಟು ಮಂದಿ?

ಈ ಮಾತನ್ನು ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ತಂದೆಯರೊಡನೆ ಆಡಿದರೆ ಬರುವ ಉತ್ತರ ಒಂದೇ: "ಸಮಯವೆಲ್ಲಿದೆ ಉಸ್ತಾದ್?" ಅವರು ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವನು ಮುಚ್ಚುವಾಗ ಇಶಾ ಕಳೆದಿರುತ್ತದೆ. ತಾಯಂದಿರ ದಿನವಂತೂ ಫಜ್ರ್‌ಗೂ ಮುಂಚೆ ಮಕ್ಕಳ ಬುತ್ತಿಯಿಂದ ಶುರುವಾಗಿ, ಶಾಲೆ ಅಥವಾ ಕಚೇರಿಯ ಕೆಲಸ ಮುಗಿಸಿ ಬಂದ ಮೇಲೂ ಮುಗಿಯುವುದಿಲ್ಲ. ಇಂತಹವರಿಗೆ ದಿನವೂ ಒಂದು ತಾಸು ವ್ಯಾಯಾಮಶಾಲೆಗೆ ಹೋಗಿರೆಂದು ಉಪದೇಶಿಸುವುದು ನ್ಯಾಯವಲ್ಲ.

ಆದರೆ ದೇಹ ನಮ್ಮ ಪುರುಸೊತ್ತಿಗಾಗಿ ಕಾಯುವುದಿಲ್ಲ. ಮೂವತ್ತು ದಾಟಿದ ಬಳಿಕ, ಬಳಸದ ಸ್ನಾಯುಗಳು ಮೆಲ್ಲಮೆಲ್ಲನೆ ಕರಗುತ್ತಾ ಹೋಗುತ್ತವೆ. ನಾವು ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಹೀರಿಕೊಳ್ಳುವ ಅತಿದೊಡ್ಡ ಉಗ್ರಾಣವೇ ಸ್ನಾಯು. ಉಗ್ರಾಣ ಕಿರಿದಾದಂತೆ ಸಕ್ಕರೆ ರಕ್ತದಲ್ಲೇ ಉಳಿಯತೊಡಗುತ್ತದೆ. ಭಾರತದಲ್ಲಿ ಸುಮಾರು 10.1 ಕೋಟಿ ಮಂದಿ ಸಕ್ಕರೆ ಕಾಯಿಲೆಯಿರುವವರು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಬಿರಿಯಾನಿ, ಪರೋಟ, ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾ ಎಂಬ ನಮ್ಮ ಮನೆಗಳ ಪದ್ಧತಿಗೆ ಈ ಲೆಕ್ಕವನ್ನು ಹೊಂದಿಸಿ ನೋಡಿಕೊಳ್ಳಿ.

ಇನ್ನೊಂದು ವಿಷಯ ಇದಕ್ಕಿಂತಲೂ ಹತ್ತಿರದ್ದು. ತಂದೆತಾಯಿ ನಮ್ಮ ಬಳಿಯೇ ವೃದ್ಧಾಪ್ಯವನ್ನು ತಲಪಿದರೆ ಅವರೊಡನೆ ಹೇಗೆ ವರ್ತಿಸಬೇಕೆಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಕಲಿಸುತ್ತದೆ. ಹಾಸಿಗೆ ಹಿಡಿದ ಉಮ್ಮನನ್ನು ಎಬ್ಬಿಸಿ ಕೂರಿಸಲು, ಶೌಚಕ್ಕೆ ಕರೆದೊಯ್ಯಲು, ಮಗ್ಗುಲು ಬದಲಿಸಲು ಮೃದು ಮಾತಿನ ಜೊತೆಗೆ ಗಟ್ಟಿಯಾದ ಸೊಂಟವೂ ಬೇಕು. ಸ್ವಂತ ಬೆನ್ನು ಹಿಡಿದುಕೊಂಡು ನಿಂತವನು ಆ ಸೇವೆಯನ್ನು ಬಾಡಿಗೆಯ ಕೈಗಳಿಗೆ ಒಪ್ಪಿಸಬೇಕಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕಾಗಿದೆ. ಐದು ಹೊತ್ತಿನ ನಮಾಝೇ ಸಾಕಷ್ಟು ವ್ಯಾಯಾಮ ಎಂದು ಭಾಷಣಗಳಲ್ಲಿ ಕೇಳಿಬರುವುದುಂಟು. ನಮಾಝ್ ಇಬಾದತ್; ಅದನ್ನು ಕಸರತ್ತಿನ ತಕ್ಕಡಿಯಲ್ಲಿ ತೂಗುವುದು ಅದಕ್ಕೆ ಮಾಡುವ ಗೌರವವಲ್ಲ. ಹದಿನೇಳು ಕಡ್ಡಾಯ ರಕಅತ್‌ಗಳಲ್ಲಿ ನಾವು ಬಾಗಿ ಏಳುವಾಗ ಕೀಲುಗಳು ಸಡಿಲವಾಗುತ್ತವೆ ನಿಜ, ಆದರೆ ಭಾರ ಎಂದಿಗೂ ಅಷ್ಟೇ. ಸ್ನಾಯು ಬಲಗೊಳ್ಳುವುದು ಅದಕ್ಕೆ ರೂಢಿಯಿರುವುದಕ್ಕಿಂತ ತುಸು ಹೆಚ್ಚು ಭಾರ ಹೊರಿಸಿ, ಬಳಿಕ ವಿಶ್ರಾಂತಿ ಕೊಟ್ಟಾಗ ಮಾತ್ರ. ಸಜ್ದಾದಿಂದ ಕೈಯೂರದೆ ಏಳುವ ಶಕ್ತಿ ವೃದ್ಧಾಪ್ಯದಲ್ಲಿಯೂ ಇರಬೇಕೆಂದರೆ ನಮಾಝ್‌ನ ಹೊರಗೆ ಬೇರೆಯೇ ತಯಾರಿ ಬೇಕು. ನಮ್ಮ ಮಸೀದಿಗಳಲ್ಲಿ ಕುರ್ಚಿಯ ಮೇಲೆ ನಮಾಝ್ ಮಾಡುವವರಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ, ಅವರನ್ನು ಯಾರೂ ಹಗುರವಾಗಿ ಕಾಣಬಾರದು. ನಾಳೆ ನಮಗೆ ಕುರ್ಚಿ ಬೇಕಾಗದಿರಲೆಂದು ಇಂದು ಪ್ರಯತ್ನಿಸುವುದೂ ತಪ್ಪಲ್ಲ.

ಆ ತಯಾರಿಗೆ ಎಷ್ಟು ಸಮಯ ಬೇಕು? ಪ್ರತಿದಿನದ ನಡಿಗೆಯ ಜೊತೆಗೆ, ವಾರದಲ್ಲಿ ಕನಿಷ್ಠ ಎರಡು ದಿನ ದೇಹದ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲದ ವ್ಯಾಯಾಮ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಎರಡೇ ದಿನ! ಒಂದೊಂದು ದಿನ ಇಪ್ಪತ್ತೈದು ನಿಮಿಷವೆಂದರೆ ವಾರಕ್ಕೆ ಐವತ್ತು ನಿಮಿಷ. ಇದಕ್ಕೆ ನಮ್ಮಲ್ಲಿ ಗಡಿಯಾರವೂ ಸಿದ್ಧವಾಗಿದೆ. ಫಜ್ರ್ ಮುಗಿಸಿ ಬಂದು ಪುನಃ ಹಾಸಿಗೆಗೆ ಹೋಗುವ ಆ ಅರ್ಧ ಗಂಟೆಯನ್ನು ರವಿವಾರ ಮತ್ತು ಬುಧವಾರ ತೆಗೆದಿಡಿ. ದುಡಿಮೆ ಬೆಳಿಗ್ಗೆ ಬೇಗ ಶುರುವಾಗುವವರು ಅಸರ್ ಅಥವಾ ಮಗ್ರಿಬ್‌ನ ಆಚೀಚೆ ನೋಡಿಕೊಳ್ಳಬಹುದು. ನಮಾಝ್‌ಗೆ ಕಟ್ಟಿಹಾಕಿದ ಅಭ್ಯಾಸ ತಪ್ಪಿಹೋಗುವುದು ಕಡಿಮೆ. ಕಡಿಮೆಯಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಅತ್ಯಂತ ಪ್ರಿಯ ಎಂಬ ಪ್ರವಾದಿ ಬೋಧನೆಗೆ ಇದು ಎಷ್ಟು ಒಪ್ಪುತ್ತದೆ ನೋಡಿ.

ಸಲಕರಣೆಗೆ ಹಣ ಹಾಕಬೇಕಾಗಿಲ್ಲ. ನಮ್ಮ ನಾಡಿನ ಗರಡಿಮನೆಗಳು ದಂಡ, ಬಸ್ಕಿ, ಕಲ್ಲುಗುಂಡುಗಳಿಂದಲೇ ಪೈಲ್ವಾನರನ್ನು ತಯಾರು ಮಾಡಿದ್ದವು. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಗಳಿಸಿದ ಗುಲಾಮ್ ಮುಹಮ್ಮದ್, ಅಂದರೆ ಗಾಮಾ ಪೈಲ್ವಾನರ ಕಸರತ್ತಿನ ಅಡಿಪಾಯವೂ ಅದೇ ದಂಡ ಬೈಠಕ್. ನಮಗೆ ಅವರ ಲೆಕ್ಕ ಬೇಡ. ಮೊದಲು ಗಟ್ಟಿ ಕುರ್ಚಿಯೊಂದರಲ್ಲಿ ಕುಳಿತು ಕೈಯೂರದೆ ಏಳಿ. ಅದು ಸುಲಭವಾದಾಗ ಕುರ್ಚಿ ಬಿಟ್ಟು ಬಸ್ಕಿ. ಗೋಡೆಗೆ ಕೈಯೂರಿ ಎದೆಯನ್ನು ಬಗ್ಗಿಸಿ ದೂಡಿ. ಅದು ಸುಲಭವಾದಾಗ ಮೇಜಿಗೆ, ಆಮೇಲೆ ನೆಲಕ್ಕೆ. ಐದು ಕಿಲೋ ಅಕ್ಕಿಯನ್ನು ಚೀಲದಲ್ಲಿ ಹಾಕಿ, ಮುಂದಕ್ಕೆ ಬಾಗಿ ನಿಂತು ಸೊಂಟದತ್ತ ಎಳೆದುಕೊಳ್ಳಿ. ನೀರಿನ ಎರಡು ಬಕೆಟ್‌ಗಳನ್ನು ಬೆನ್ನು ನೇರವಾಗಿಟ್ಟು ನೆಲದಿಂದ ಎತ್ತಿ ಅಂಗಳದಲ್ಲಿ ನಡೆಯಿರಿ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ ಭಾರ, ಆದ್ದರಿಂದ ನೀರಿನ ಅಳತೆಯಿಂದಲೇ ಭಾರವನ್ನು ಹೆಚ್ಚಿಸುತ್ತಾ ಹೋಗಬಹುದು. ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲ, ಎರಡು ಮೂರು ಸುತ್ತು. ಕೊನೆಯ ಎರಡು ಮೂರು ಸಲ ಕಷ್ಟವೆನಿಸಬೇಕು, ಆದರೆ ದೇಹದ ಭಂಗಿ ಕೆಡಬಾರದು. ಎತ್ತುವಾಗ ಉಸಿರು ಹಿಡಿಯದೆ ಹೊರಬಿಡಿ. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ತೊಡಗಬಾರದು.

ಈಗ ಮನೆಯೊಳಗಿನ ನ್ಯಾಯದ ಮಾತು. ಗಂಡ ವ್ಯಾಯಾಮಶಾಲೆಯಲ್ಲಿ ಎರಡು ತಾಸು ಕಳೆದು ಬರುವಾಗ ಹೆಂಡತಿ ಒಬ್ಬಳೇ ಮೂವರು ಮಕ್ಕಳನ್ನು ಸುಧಾರಿಸಿ ದಣಿದಿದ್ದರೆ, ಆತ ಎತ್ತಿದ ಭಾರದ ಒಂದು ಭಾಗ ಆಕೆಯ ಹೆಗಲ ಮೇಲೆ ಬಿದ್ದಿದೆಯೆಂದೇ ಅರ್ಥ. ಹ. ಸಲ್ಮಾನ್(ರ)ರು ಹ. ಅಬುದ್ದರ್ದಾ(ರ)ರ ಮನೆಗೆ ಹೋದಾಗ, ಅವರು ಇಬಾದತ್‌ನಲ್ಲಿ ಮುಳುಗಿ ಪತ್ನಿಯನ್ನು ಮರೆತಿರುವುದನ್ನು ಕಂಡು, ಪ್ರಭುವಿನ ಹಕ್ಕು, ಸ್ವಂತ ದೇಹದ ಹಕ್ಕು, ಮನೆಯವರ ಹಕ್ಕು ಮೂರನ್ನೂ ನೆನಪಿಸಿದರು. ಸಲ್ಮಾನರು ಸತ್ಯವನ್ನೇ ಹೇಳಿದರೆಂದು ಪ್ರವಾದಿ(ಸ)ರು ಅನುಮೋದಿಸಿದರು. ಇಬಾದತ್‌ಗೇ ಈ ಮಿತಿಯಿರುವಾಗ ವ್ಯಾಯಾಮಕ್ಕೆ ಇಲ್ಲವೇ? ಆದುದರಿಂದ ರವಿವಾರದ ಅರ್ಧ ಗಂಟೆ ಗಂಡನದಾದರೆ, ಸೋಮವಾರದ ಅದೇ ಅರ್ಧ ಗಂಟೆ ಆತ ಅಡುಗೆಮನೆಗೆ ಇಳಿದು ಚಹಾ ಕಾಯಿಸಲಿ, ಮಗುವಿನ ಮುಖ ತೊಳೆಯಲಿ. ಆ ಹೊತ್ತು ಆಕೆಯದಾಗಲಿ.

"ಅವಳಿಗೇಕೆ ಬೇರೆ ವ್ಯಾಯಾಮ? ಮನೆಗೆಲಸವಿಲ್ಲವೇ?" ಎಂದು ಕೇಳುವವರಿದ್ದಾರೆ. ಮನೆಗೆಲಸ ದಣಿಸುತ್ತದೆ, ಆದರೆ ಬಲಪಡಿಸುವುದು ಕಡಿಮೆ. ಮಗು ಸದಾ ಒಂದೇ ಸೊಂಟದ ಮೇಲೆ, ಕೊಡ ಒಂದೇ ಕೈಯಲ್ಲಿ, ಬಾಗುವುದೆಲ್ಲ ಮುಂದಕ್ಕೆ. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರು ಸೂಪನ್ನು ಮಡಿಲಲ್ಲಿಟ್ಟು ಗಂಟೆಗಟ್ಟಲೆ ಕುಳಿತೇ ಇರುತ್ತಾರೆ. ಒಂದಷ್ಟು ಕಟ್ಟುಗಳಾದಾಗಲೆಲ್ಲ ಎದ್ದು ಐದಾರು ಬಸ್ಕಿ ಹೊಡೆದರೂ ಅವರ ಬೆನ್ನಿಗೆ ಬಿಡುವು ಸಿಗುತ್ತದೆ. ಮುಟ್ಟು ನಿಂತ ಬಳಿಕ ಹೆಣ್ಣಿನ ಮೂಳೆ ವೇಗವಾಗಿ ಸವೆಯುವುದರಿಂದ, ಅದಕ್ಕೆ ಮುಂಚಿನ ವರ್ಷಗಳಲ್ಲಿ ಭಾರ ಎತ್ತಿ ಗಳಿಸಿದ ಬಲವೇ ಮುಂದಿನ ಬಂಡವಾಳ. ಪ್ರವಾದಿ(ಸ)ರು ಪ್ರಯಾಣದಲ್ಲಿ ಹ. ಆಯಿಶಾ(ರ)ರೊಡನೆ ಓಟದ ಪಂದ್ಯ ಕಟ್ಟಿದ್ದರು; ಮೊದಲ ಸಲ ಗೆದ್ದದ್ದು ಆಯಿಶಾ(ರ)ರೇ. ಹೆಣ್ಣಿನ ದೇಹಬಲವನ್ನು ಕಂಡು ಸಂತೋಷಪಟ್ಟ ಮನೆ ಅದು. ಪರದೆಯ ಚಿಂತೆಯಿರುವವರಿಗೆ ಸ್ವಂತ ಮನೆಯ ಕೋಣೆಗಿಂತ ಒಳ್ಳೆಯ ಸ್ಥಳ ಬೇರೆಯಿಲ್ಲ.

ಯುವ ತಂದೆಯರಿಗೆ ಒಂದು ಮಾತು. ಪೌಡರ್ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮೊಟ್ಟೆ, ಬೇಳೆ, ಮೀನು, ಕಡಲೆಗಳನ್ನು ಸರಿಯಾಗಿ ತಿನ್ನಿ. ಕನ್ನಡಿಯ ಮುಂದೆ ನಿಲ್ಲಲು ಗಳಿಸಿದ ತೋಳಿಗೂ ಮಗುವನ್ನು ಎತ್ತಲು ಗಳಿಸಿದ ತೋಳಿಗೂ ನಿಯ್ಯತ್ತಿನಲ್ಲಿ ವ್ಯತ್ಯಾಸವಿದೆ. ಪ್ರವಾದಿ(ಸ)ರು ತಮ್ಮ ಮೊಮ್ಮಗಳು ಉಮಾಮಾರನ್ನು ಹೆಗಲಲ್ಲಿ ಹೊತ್ತು ನಮಾಝ್‌ಗೆ ನಿಂತು, ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಪುನಃ ಎತ್ತಿಕೊಳ್ಳುತ್ತಿದ್ದರು. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಮಕ್ಕಳ ಪರೀಕ್ಷೆ, ಜ್ವರ, ನೆಂಟರಿಷ್ಟರ ಮದುವೆ ಎಂದು ಕೆಲವು ವಾರ ತಪ್ಪಿಯೇ ತಪ್ಪುತ್ತವೆ. ತಪ್ಪಿದ್ದನ್ನು ಕಝಾ ತೀರಿಸಲೆಂದು ಒಂದೇ ದಿನ ದುಪ್ಪಟ್ಟು ಮಾಡಬೇಡಿ, ಮೈ ಹಿಡಿದುಕೊಳ್ಳುತ್ತದೆ. ರಮಝಾನಿನಲ್ಲಿ ಉಪವಾಸದ ಹಗಲಿಗೆ ಬದಲು ತರಾವೀಹ್ ಮುಗಿದ ಮೇಲೆ, ನೀರು ಕುಡಿದು, ಎಂದಿನದರ ಅರ್ಧದಷ್ಟು ಮಾಡಿದರೆ ಇದ್ದ ಬಲ ಉಳಿಯುತ್ತದೆ. ಈದ್ ಕಳೆದ ಮೊದಲ ವಾರವೂ ಆ ಅರ್ಧದಿಂದಲೇ ತೊಡಗಿ, ಬಕೆಟ್ಟಿಗೆ ವಾರಕ್ಕೆ ಒಂದೆರಡು ಲೀಟರ್ ನೀರು ಹೆಚ್ಚಿಸುತ್ತಾ ಬನ್ನಿ.