ಕುಡಿದ ಊರಿನ ಋಣ

ಲಿಮಾಕ್ಕೆ ಹೊರಟಿದ್ದೇನೆ ಎಂದರೆ ಸಾಕು, ಅಲ್ಲಿಗೆ ಹೋಗಿ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಬರಾಂಕೊದಲ್ಲಿ ಕೂತು ಪಿಸ್ಕೊ ಕುಡಿಯದೆ ವಾಪಸ್ ಬರಬೇಡ. ಆದರೆ ಬರಾಂಕೊದಲ್ಲಿ ಎಲ್ಲಿ ಎಂದು ಕೇಳಿದರೆ ಒಮ್ಮತವಿಲ್ಲ. ಒಬ್ಬರು ಹಳೆಯ ಬಂಗಲೆಯೊಳಗಿನ ದೊಡ್ಡ ಬಾರಿನ ಹೆಸರು ಹೇಳುತ್ತಾರೆ. ಇನ್ನೊಬ್ಬರು ಚೌಕದ ಬದಿಯ ಸಣ್ಣ ಪಾನಗೃಹವೇ ಅಸಲಿ, ಉಳಿದದ್ದೆಲ್ಲ ಪ್ರವಾಸಿಗಳ ಕಣ್ಣಿಗೆ ಕಟ್ಟಿದ್ದು ಎನ್ನುತ್ತಾರೆ. ಆಫೀಸಿನ ಕೆಲಸದ ಮೇಲೆ ಮೂರು ವಾರ ಆ ಊರಿನಲ್ಲಿದ್ದೆ. ಹೋಗುವಾಗ ಇದು ಬರೀ ರುಚಿಯ ಪ್ರಶ್ನೆಯಾಗಿತ್ತು. ಬಂದ ಮೇಲೆ ಅದರೊಳಗಿನ ಇನ್ನೊಂದು ಪ್ರಶ್ನೆ ಬಿಡದೆ ಕಾಡುತ್ತಿದೆ: ಬೇರೆಯವರ ಊರಿನ ಸೊಗಸನ್ನು ಉಂಡು ಎದ್ದು ಬರುವವನು ಆ ಊರಿಗೆ ಏನಾದರೂ ಬಾಕಿ ಉಳಿಸಿಕೊಳ್ಳುತ್ತಾನೆಯೇ?

ಕುಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಬದಿಗಿಟ್ಟಿದ್ದೇನೆ. ಕುಡಿಯದವರು ಪಿಸ್ಕೊ ಇರುವ ಕಡೆಯಲ್ಲೆಲ್ಲ ಕಾಫಿ ಎಂದು ಓದಿಕೊಂಡರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮೊದಲು ಪಿಸ್ಕೊ ಏನೆಂದು ಹೇಳಬೇಕು. ದ್ರಾಕ್ಷಿರಸವನ್ನು ಹುದುಗಿಸಿ ಭಟ್ಟಿ ಇಳಿಸಿದ, ನೀರಿನಷ್ಟೇ ತಿಳಿಯಾದ ಮದ್ಯ ಅದು. ಪೆರು ದೇಶ ಅದನ್ನು ತನ್ನ ಮರ್ಯಾದೆಯ ವಿಷಯವೆಂದು ಭಾವಿಸುತ್ತದೆ. ಅಲ್ಲಿನ ನಿಯಮಗಳು ಮಡಿ ಅಡುಗೆಯ ಹಾಗಿವೆ. ಎಂಟೇ ತಳಿಯ ದ್ರಾಕ್ಷಿ, ಐದೇ ಪ್ರಾಂತ್ಯಗಳ ಫಸಲು. ಒಂದೇ ಸಲ ಭಟ್ಟಿ ಇಳಿಸಬೇಕು. ಆಮೇಲೆ ಒಂದು ಹನಿ ನೀರೂ ಸೇರಿಸುವಂತಿಲ್ಲ. ಮರದ ಪೀಪಾಯಿಗೆ ಹಾಕಿ ಬಣ್ಣ ಬರಿಸುವಂತಿಲ್ಲ. ರುಚಿಯನ್ನೂ ಬಣ್ಣವನ್ನೂ ಕೊಡದ ಪಾತ್ರೆಯಲ್ಲಿ ಕನಿಷ್ಠ ಮೂರು ತಿಂಗಳು ಸುಮ್ಮನೆ ಇಡಬೇಕು. ಮದ್ಯಾಂಶ ಶೇಕಡಾ 38ರಿಂದ 48ರ ನಡುವೆ ಇರಬೇಕು. ಪಿಸ್ಕೊಗೆ ಜುಲೈಯ ನಾಲ್ಕನೇ ಭಾನುವಾರ ಹಬ್ಬ. ಅದಕ್ಕೆ ನಿಂಬೆರಸ, ಸಕ್ಕರೆ ಪಾಕ, ಮೊಟ್ಟೆಯ ಬಿಳಿ ಸೇರಿಸಿ ಮಾಡುವ ಪಿಸ್ಕೊ ಸವರ್‌ಗೆ ಫೆಬ್ರವರಿಯ ಮೊದಲ ಶನಿವಾರ ಬೇರೆಯೇ ಹಬ್ಬ.

ನಮಗೆ ಇದು ವಿಚಿತ್ರವೆನಿಸುತ್ತದೆ. ನಮ್ಮ ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ, ಸರ್ಕಾರಗಳ ಬೊಕ್ಕಸ ಅಬಕಾರಿ ಹಣವನ್ನು ಎದುರು ನೋಡುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಬಾಟಲಿಯ ವಿಸ್ಕಿ ನಿಲ್ಲಲಿಲ್ಲ. ಜಿ.ಪಿ. ರಾಜರತ್ನಂ ಅವರ ಹೆಂಡಕುಡುಕ ರತ್ನನನ್ನು ಎದೆಗೆ ಹಚ್ಚಿಕೊಂಡಿರುವ ನಾವು, ಅಂಥವನೊಬ್ಬ ಪಕ್ಕದ ಕುರ್ಚಿಗೆ ಬಂದು ಕೂತರೆ ಬೇರೆ ಮೇಜು ಹುಡುಕುತ್ತೇವೆ. ಯಾರು ಎಲ್ಲಿ ಕೂತು ಕುಡಿಯಬಹುದು ಎಂಬುದು ನಮ್ಮಲ್ಲೂ ಯಾವತ್ತೂ ಬರೀ ರುಚಿಯ ಮಾತಾಗಿರಲಿಲ್ಲ.

ಪಿಸ್ಕೊ ಎಂಬ ಹೆಸರಿನಲ್ಲಿಯೇ ಒಂದು ವಲಸೆಯ ಕಥೆಯಿದೆ. ದ್ರಾಕ್ಷಿ ಆ ನೆಲದ್ದಲ್ಲ, ಸ್ಪೇನಿನವರು ಹದಿನಾರನೇ ಶತಮಾನದಲ್ಲಿ ತಂದು ನೆಟ್ಟಿದ್ದು. ಇಕಾ ಕಣಿವೆಯಲ್ಲಿ 1613ರಲ್ಲಿ ಒಬ್ಬ ಬರೆಸಿಟ್ಟ ಉಯಿಲಿನಲ್ಲಿ ಈ ದ್ರಾಕ್ಷಿ ಮದ್ಯದ ಉಲ್ಲೇಖ ಸಿಗುತ್ತದೆ. ಅಲ್ಲಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿದರು. ಅವರ ಬೆವರಿನ ಮದ್ಯ ಮಣ್ಣಿನ ಹೂಜಿಗಳಲ್ಲಿ ತುಂಬಿ ಪಿಸ್ಕೊ ಎಂಬ ಬಂದರಿನಿಂದ ಹಡಗು ಹತ್ತಿತು. ಇಳಿದ ಕಡೆಯವರಿಗೆ ಅದು ಯಾವ ಕಣಿವೆಯದು, ಯಾರು ಮಾಡಿದ್ದು ಎಂದು ತಿಳಿಯಬೇಕಿರಲಿಲ್ಲ. ಬಂದರಿನ ಹೆಸರೇ ಸಾಕಾಯಿತು.

ನಮಗೆ ಇದು ಅರ್ಥವಾಗದ್ದೇನಲ್ಲ. ಮುಂಬೈಗೆ ಬಂದ ಕುಂದಾಪುರದವರೂ ಕಾರ್ಕಳದವರೂ ನಡೆಸುವ ಹೋಟೆಲಿನ ಬೋರ್ಡಿನ ಮೇಲೆ 'ಉಡುಪಿ' ಎಂದೇ ಇರುತ್ತದೆ. ನಮ್ಮಲ್ಲಿ ಹಲವರು ಉತ್ತರದ ಊರುಗಳಲ್ಲಿ 'ಮದ್ರಾಸಿ' ಎನಿಸಿಕೊಂಡವರೇ. ದೂರ ಹೋದವರಿಗೆ ಹುಟ್ಟಿದ ಊರಿನ ಹೆಸರಲ್ಲ, ರೈಲು ಹತ್ತಿದ ದಿಕ್ಕಿನ ಹೆಸರು ಅಂಟಿಕೊಳ್ಳುತ್ತದೆ.

ಆ ಹೆಸರಿಗಾಗಿ ಪೆರುವೂ ಚಿಲಿಯೂ ಜಗಳವಾಡುತ್ತಿವೆ. ಚಿಲಿಯಲ್ಲೂ ಪಿಸ್ಕೊ ತಯಾರಾಗುತ್ತದೆ. ಅಲ್ಲಿ ನೀರು ಬೆರೆಸಬಹುದು, ಮರದಲ್ಲಿಟ್ಟು ಮಾಗಿಸಬಹುದು. 1931ರಲ್ಲಿಯೇ ಚಿಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 1936ರಲ್ಲಿ ಎಲ್ಕಿ ಕಣಿವೆಯ ಒಂದು ಹಳ್ಳಿಯ ಹೆಸರನ್ನೇ ಬದಲಿಸಿ 'ಪಿಸ್ಕೊ ಎಲ್ಕಿ' ಎಂದು ಇಟ್ಟಿತು. ಪೆರುವಿನ ಅಧಿಕೃತ ಘೋಷಣೆ ಬಂದದ್ದು 1990ರಲ್ಲಿ. ಇದರ ಹಿಂದೆ ಹಳೆಯ ಗಾಯವೂ ಇದೆ. 1881ರ ಜನವರಿಯಲ್ಲಿ ಲಿಮಾಕ್ಕೆ ನುಗ್ಗುವ ದಾರಿಯಲ್ಲಿ ಚಿಲಿಯ ಸೈನ್ಯ ಇದೇ ಬರಾಂಕೊವನ್ನು ದೋಚಿ ಸುಟ್ಟಿತ್ತು. ಇವತ್ತು ಪ್ರೇಮಿಗಳು ಫೋಟೊ ತೆಗೆಸಿಕೊಳ್ಳುವ ಬೀದಿಗಳು ಆವತ್ತು ಬೂದಿಯಾಗಿದ್ದವು.

ಜಗಳ ನಮ್ಮ ದೇಶಕ್ಕೂ ಬಂತು. ಪೆರು ಭಾರತದಲ್ಲಿ ಪಿಸ್ಕೊಗೆ ಜಿಐ ಟ್ಯಾಗ್ ಕೇಳಿತು. ಚೆನ್ನೈನ ನೋಂದಣಿ ಕಚೇರಿ 'ಪೆರುವಿಯನ್ ಪಿಸ್ಕೊ' ಎಂದರೆ ಸರಿ ಎಂದಿತು. 2018ರಲ್ಲಿ ಮೇಲ್ಮನವಿ ಮಂಡಳಿ ಬರೀ 'ಪಿಸ್ಕೊ' ಎಂಬ ಹೆಸರು ಪೆರುವಿಗೇ ಸಲ್ಲಬೇಕೆಂದಿತು. 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟು ಅದನ್ನು ತಿರುಗಿಸಿತು. ಎರಡೂ ದೇಶದವರು ಬಹುಕಾಲದಿಂದ ಈ ಹೆಸರು ಬಳಸಿದ್ದಾರೆ, ಗಿರಾಕಿಗೆ ಗೊಂದಲವಾಗದಿರಲು ದೇಶದ ಹೆಸರನ್ನು ಜೊತೆಗೆ ಸೇರಿಸಬೇಕು ಎಂಬುದು ಆ ತೀರ್ಪಿನ ತಾತ್ಪರ್ಯ. ರಸಗುಲ್ಲಕ್ಕಾಗಿ ಬಂಗಾಳ ಮತ್ತು ಒಡಿಶಾ ಕಿತ್ತಾಡಿ, ಕೊನೆಗೆ ಎರಡಕ್ಕೂ ಬೇರೆ ಬೇರೆ ಟ್ಯಾಗ್ ಸಿಕ್ಕಿದ್ದನ್ನು ಕಂಡವರಿಗೆ ಇದು ಹೊಸದೇನಲ್ಲ.

ಇಂಥ ಕಾನೂನುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಂಜನಗೂಡು ರಸಬಾಳೆಯ ಹೆಸರಲ್ಲಿ ಯಾವುದೋ ಬಾಳೆಹಣ್ಣು ಮಾರಿದರೆ ನಷ್ಟವಾಗುವುದು ನಂಜನಗೂಡಿನ ರೈತನಿಗೆ. ಹಾಗೆಯೇ ಇಕಾದ ಸಣ್ಣ ಬೆಳೆಗಾರನಿಗೂ ಹೆಸರಿನ ರಕ್ಷಣೆ ಬೇಕು. ಆದರೆ ಬಾಟಲಿಯ ಮೇಲೆ ಯಾರ ಹೆಸರಿರಬೇಕು ಎನ್ನುವುದು ಕಾನೂನಿಗೆ ಗೊತ್ತು, ಲೋಟದ ಮುಂದೆ ಯಾರು ಕೂರಬೇಕು ಎನ್ನುವುದು ಅದಕ್ಕೆ ಗೊತ್ತಿಲ್ಲ. 2007ರಲ್ಲಿ ಪೆರು ತನ್ನ ಸಾಂಸ್ಕೃತಿಕ ಪರಂಪರೆ ಎಂದು ಸಾರಿದ ಪಿಸ್ಕೊ ಸವರ್ ಅನ್ನು ಜನಪ್ರಿಯಗೊಳಿಸಿದವನು ವಿಕ್ಟರ್ ಮಾರಿಸ್ ಎಂಬ ಅಮೆರಿಕದವನು. 1903ರಲ್ಲಿ ರೈಲ್ವೆ ಕೆಲಸಕ್ಕೆಂದು ಬಂದು, 1916ರಲ್ಲಿ ಲಿಮಾದಲ್ಲಿ ಬಾರು ತೆರೆದು, 1929ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ. ಪರವೂರಿನ ದ್ರಾಕ್ಷಿ, ಪರವೂರಿನ ನಿಂಬೆ, ಪರದೇಶದ ಬಾರಿನವನು. ಸೇರಿ ಆದದ್ದು ಒಂದು ದೇಶದ ಪಾನೀಯ. ಇದು ನಮ್ಮದು ಎಂಬ ಮಾತಿನ ಬುಡ ಅಗೆದರೆ ಯಾರೋ ವಲಸಿಗರು ಸಿಗುತ್ತಾರೆ. ಹಾಗಾಗಿ ಹುಟ್ಟಿನ ಹಕ್ಕನ್ನು ಹಿಡಿದುಕೊಂಡು 'ಎಲ್ಲಿ ಕುಡಿಯಬೇಕು' ಎಂಬುದಕ್ಕೆ ಉತ್ತರ ಹುಡುಕಲಾಗದು.

ಇನ್ನು ಬರಾಂಕೊ. ಶಾಂತ ಸಾಗರದ ದಡದ ಬಂಡೆಗಳ ನೆತ್ತಿಯ ಮೇಲೆ ಕೂತ ಬಡಾವಣೆ. ಮೊದಲು ಲಿಮಾದ ಸಿರಿವಂತರು ಬೇಸಿಗೆ ಕಳೆಯಲು ಬರುತ್ತಿದ್ದರು. 1876ರಲ್ಲಿ ಕಟ್ಟಿದ 'ನಿಟ್ಟುಸಿರಿನ ಸೇತುವೆ' ಎಂಬ ಮರದ ಸೇತುವೆಯಿದೆ. ಮೊದಲ ಸಲ ನೋಡಿದವರು ಉಸಿರು ಬಿಗಿಹಿಡಿದು ದಾಟಿದರೆ ಬಯಸಿದ್ದು ಸಿಗುತ್ತದಂತೆ. ಚಬೂಕ ಗ್ರಾಂದ ಎಂಬ ಗಾಯಕಿ ಆ ಸೇತುವೆಯ ಮೇಲೆ ಹಾಡು ಕಟ್ಟಿದಳು. ಕವಿ ಹೊಸೆ ಮಾರಿಯ ಎಗೂರೆನ್ ಇಲ್ಲಿ ಬಾಳಿದ. ಮಾರಿಯೊ ವರ್ಗಾಸ್ ಯೋಸನ ಮನೆಯೂ ಇಲ್ಲಿತ್ತು. ಸಿರಿವಂತರು ಬೇರೆ ಕಡೆ ಹೋದ ಮೇಲೆ ಉಳಿದ ದೊಡ್ಡ ಮನೆಗಳ ಕೋಣೆಗಳಲ್ಲಿ ಚಿತ್ರಕಾರರು, ಹಾಡುಗಾರರು, ಬರೆಯುವವರು ಬಂದು ಸೇರಿದರು. ಅವರಿದ್ದಾರೆಂದು ಊರಿಗೆ ಕಳೆ ಬಂತು. ಕಳೆ ಬಂತೆಂದು ಬಾಡಿಗೆ ಏರಿತು. ಬಾಡಿಗೆ ಏರಿದ ಮೇಲೆ ಅವರ ಚಿತ್ರಗಳು ಗೋಡೆಗಳಲ್ಲಿ ಉಳಿದವು, ಅವರಲ್ಲಿ ಹಲವರು ಉಳಿಯಲಿಲ್ಲ. ಕಡಲ ಕಡೆಗೆ ಮುಖ ಮಾಡಿದ ಅಪಾರ್ಟ್‌ಮೆಂಟುಗಳು ಎದ್ದವು.

ಬಂಗಲೆಯೊಳಗಿನ ಬಾರಿಗೆ ನಾನೂ ಹೋಗಿದ್ದೆ. ಅಲ್ಲಿ ಪಿಸ್ಕೊ ಸವರ್ ಕುಲುಕಿ ಕೊಟ್ಟ ಹುಡುಗನನ್ನು ಜೊತೆಯಲ್ಲಿದ್ದ ಸಹೋದ್ಯೋಗಿಯ ಮೂಲಕ ಮಾತಾಡಿಸಿದೆ. ಅವನ ಅಜ್ಜ ಅಜ್ಜಿ ಬೆಟ್ಟದ ನಾಡಾದ ಅಯಾಕುಚೋದಿಂದ ಬಂದವರಂತೆ. ಮನೆ ವಿಯ್ಯ ಎಲ್ ಸಾಲ್ವಡೋರ್‌ನಲ್ಲಿ. 1971ರಲ್ಲಿ ನೆಲೆಯಿಲ್ಲದ ವಲಸಿಗರು ಮರಳುಗಾಡಿನಲ್ಲಿ ಚಾಪೆಯ ಗುಡಿಸಲು ಹಾಕಿ ಕಟ್ಟಿದ ಊರು ಅದು. ರಾತ್ರಿ ಕೆಲಸ ಮುಗಿದ ಮೇಲೆ ಅಲ್ಲಿಗೆ ವಾಪಸ್. ನಿನಗೆ ಇಲ್ಲಿ ಯಾವ ಜಾಗ ಇಷ್ಟ ಎಂದು ಕೇಳಿದೆ. "ಈ ಕಡೆ ನಾನು ಯಾವತ್ತೂ ಗಿರಾಕಿಯಾಗಿ ಕೂತಿಲ್ಲ" ಎಂದ. ದೂರಿನ ದನಿ ಇರಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟನಷ್ಟೆ.

ಇದಕ್ಕೆ ಸುಲಭದ ಎರಡು ಉತ್ತರಗಳಿವೆ. ಹೋಗಲೇಬೇಡ ಎನ್ನುವುದು ಒಂದು. ಆದರೆ ನಾನು ಹೋಗದಿದ್ದರೆ ಆ ಹುಡುಗನ ಬಾಡಿಗೆ ಇಳಿಯುವುದಿಲ್ಲ, ಸಂಬಳ ಇಳಿಯಬಹುದು. ದುಡ್ಡು ಕೊಟ್ಟಿದ್ದೇನೆ, ಲೆಕ್ಕ ಚುಕ್ತಾ ಎನ್ನುವುದು ಇನ್ನೊಂದು. ಇದು ಹೆಚ್ಚು ಅಪಾಯದ್ದು, ಏಕೆಂದರೆ ಅರ್ಧ ನಿಜ. ಲೋಟದಲ್ಲಿದ್ದ ಮದ್ಯಕ್ಕೆ ನಾನು ಬೆಲೆ ಕೊಟ್ಟೆ. ಆ ಬೀದಿಯ ಗಾಳಿಗೆ, ಗೋಡೆಯ ಬಣ್ಣಕ್ಕೆ, ಹಾಡಿನ ನೆನಪಿಗೆ, ಬಾಡಿಗೆ ಕಟ್ಟಲಾಗದೆ ಹೋದವರು ಬಿಟ್ಟುಹೋದ ಕಳೆಗೆ ಕೊಡಲಿಲ್ಲ. ಬಿಲ್ಲಿನಲ್ಲಿ ಅವು ಇರುವುದೇ ಇಲ್ಲ. ನಾನು ಅಷ್ಟು ದೂರ ಹೋದದ್ದು ಮಾತ್ರ ಅವುಗಳಿಗಾಗಿಯೇ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಪದವಿದೆ. ವರ್ಗವಾಗಿ ಊರು ಬಿಡುವವರು "ಈ ಊರಿನ ನೀರಿನ ಋಣ ಮುಗಿಯಿತು" ಎನ್ನುತ್ತಾರೆ. ನೀರಿನ ಬಿಲ್ಲನ್ನು ತಿಂಗಳು ತಿಂಗಳೂ ತಪ್ಪದೆ ಕಟ್ಟಿದವರೂ ಹಾಗನ್ನುತ್ತಾರೆ. ಬಿಲ್ಲು ಬೇರೆ, ಋಣ ಬೇರೆ ಎಂಬುದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದು, ಕಟ್ಟಿ ಮರೆಯಬಹುದು. ಋಣವನ್ನು ತೀರಿಸುವುದಕ್ಕೆ ಮೊದಲು ಅದು ಇದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡವನ ನಡವಳಿಕೆ ಅಷ್ಟರ ಮಟ್ಟಿಗಾದರೂ ಬದಲಾಗುತ್ತದೆ.

ಇದು ಲಿಮಾದ ವಿಷಯ ಮಾತ್ರ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮುಂಬೈಯ ಬಾಂದ್ರಾದ ಹಳೆಯ ಗಾವಠಾಣಗಳ ಹಂಚಿನ ಮನೆ, ಶಿಲುಬೆ, ಕಿರುಗಲ್ಲಿಗಳಿಗೆ ಮನಸೋತು ಹೆಚ್ಚು ಬಾಡಿಗೆಗೆ ಸಿದ್ಧರಾಗಿ ಬಂದವರಲ್ಲಿ ನಮ್ಮಂಥ ಕೆಲಸದವರೂ ಇದ್ದಾರೆ. ಅದೇ ನಗರದಲ್ಲಿ ಬೆಳಗ್ಗೆ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವರೂ ಇದ್ದಾರೆ. ಅಂದರೆ ನಾವು ಮೇಜಿನ ಎರಡೂ ಕಡೆ ಇದ್ದವರು. ಒಂದು ಊರಿನಲ್ಲಿ 'ಹೊರಗಿನವರು' ಎನಿಸಿಕೊಂಡು ನೊಂದ ನಾವೇ ಇನ್ನೊಂದು ಊರಿನಲ್ಲಿ ಹಣವಿರುವ ಹೊರಗಿನವರು. ಮೊದಲನೆಯದನ್ನು ನೆನಪಿಟ್ಟುಕೊಳ್ಳುವುದು ಸುಲಭ. ಎರಡನೆಯದನ್ನು ಯಾರಾದರೂ ನೆನಪಿಸಬೇಕಾಗುತ್ತದೆ.

ಹಾಗಾದರೆ ಬರಾಂಕೊದಲ್ಲಿ ಪಿಸ್ಕೊ ಎಲ್ಲಿ ಕುಡಿಯಬೇಕು? ಕೇಳಿದವರಿಗೆ ನಾನು ಚೌಕದ ಬದಿಯ 'ಹುವಾನಿತೊ' ಎನ್ನುತ್ತೇನೆ. 1937ರಿಂದ ಇರುವ ಪಾನಗೃಹ. ಹಳೆಯದು ಎಂಬುದು ಕಾರಣವಲ್ಲ. ಹಳತನವನ್ನೂ ಇವತ್ತು ಬಾಟಲಿಗೆ ತುಂಬಿ ಮಾರುತ್ತಾರೆ. ನಾನು ಹೋದ ಸಂಜೆಗಳಲ್ಲಿ ಅಲ್ಲಿ ಒಂದು ಮೇಜಿನಲ್ಲಿ ಪತ್ರಿಕೆ ಓದುವ ಮುದುಕ, ಪಕ್ಕದಲ್ಲಿ ಕಾಲೇಜಿನ ಹುಡುಗಿಯರು, ಅದರಾಚೆ ಹ್ಯಾಮ್ ಹಾಕಿದ ಬನ್ನು ತಿನ್ನುತ್ತಿದ್ದ ಕೆಲಸಗಾರರು ಇದ್ದರು. ಅಂಥ ಜಾಗವನ್ನು ಗುರುತಿಸಲು ನಾನು ಕಂಡುಕೊಂಡ ಅಳತೆ ಒಂದೇ: ಬಡಿಸುವವನು ರಜೆಯ ದಿನ ಗಿರಾಕಿಯಾಗಿ ಬಂದು ಕೂರಬಹುದಾದ ಜಾಗವೇ? ಬರಾಂಕೊದಲ್ಲಿರಲಿ, ಪಣಜಿಯಲ್ಲಿರಲಿ, ಈ ಅಳತೆ ಹೆಚ್ಚಾಗಿ ಕೈಕೊಡುವುದಿಲ್ಲ. ಕುಡಿಯುವಾಗ ಯಾವ ದ್ರಾಕ್ಷಿ, ಯಾವ ಕಣಿವೆ ಎಂದು ಕೇಳಿ. ಬಂದರಿನ ಹೆಸರಿನ ಹಿಂದೆ ಮರೆಯಾದವರಿಗೆ ಅಷ್ಟಾದರೂ ಸಲ್ಲಬೇಕು. ಇನ್ನೊಂದು ಸಲ ಅಲ್ಲಿಗೇ ಹೋಗಿ. ಮೊದಲ ಸಲ ನೀವು ನೋಡಲು ಹೋಗಿರುತ್ತೀರಿ, ಎರಡನೇ ಸಲ ಅವರೂ ನಿಮ್ಮನ್ನು ನೋಡುತ್ತಾರೆ.

ಇದರಲ್ಲೊಂದು ತೊಡಕಿದೆ ಎಂದು ಬಲ್ಲೆ. ನಾನು ಹೇಳಿದೆನೆಂದು ನೀವೂ, ನೀವು ಹೇಳಿದಿರೆಂದು ಇನ್ನಿಬ್ಬರೂ ಹೋದರೆ ಆ ಮುದುಕನಿಗೆ ಕುರ್ಚಿ ಸಿಗುವುದಿಲ್ಲ. ಹೇಳದೆ ಗುಟ್ಟಾಗಿಟ್ಟುಕೊಂಡರೆ ಅದೂ ಒಂದು ಬಗೆಯ ಜಿಪುಣತನ. ಇದಕ್ಕೆ ಪೂರ್ತಿ ಪರಿಹಾರ ನನ್ನ ಬಳಿ ಇಲ್ಲ. ಮಾಟುಂಗಾದ ಹೋಟೆಲುಗಳಲ್ಲಿ ಭಾನುವಾರ ಬೆಳಗ್ಗೆ ನಾವು ಕಲಿತ ಒಂದು ಪಾಠ ಮಾತ್ರ ಇದೆ: ತಿಂದಾದ ಮೇಲೆ, ಹಿಂದೆ ನಿಂತವರ ಮುಖವನ್ನೊಮ್ಮೆ ನೋಡಿ, ಮಾತು ಬಾಕಿಯಿದ್ದರೂ ಎದ್ದು ಜಾಗ ಬಿಡುವುದು.